ಬ್ರೌಸರ್ ಅಪ್‌ಡೇಟ್ ಆದ ಮೇಲೆ ಆ್ಯಂಟಿವೈರಸ್ ಆ್ಯಡ್-ಆನ್ ಬಂದ್, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ನಮ್ಮದೊಂದು ಚಿಕ್ಕ ಹೋಮ್‌ಸ್ಟೇ. ಬುಕಿಂಗ್, ಬ್ಯಾಂಕ್ ಕೆಲಸ ಎಲ್ಲ ಒಂದೇ ಲ್ಯಾಪ್‌ಟಾಪ್‌ನಲ್ಲಿ. ಮಳೆಗೆ ನಾಲ್ಕು ದಿನ ಕರೆಂಟ್ ಇರಲಿಲ್ಲ (ನಮಗಿದು ಮಾಮೂಲಿ ಬಿಡಿ). ಬಂದ ಕೂಡಲೇ ಆನ್ ಮಾಡಿದೆ, ಕ್ರೋಮ್ ತಾನಾಗಿಯೇ ಅಪ್‌ಡೇಟ್ ಆಯ್ತು. ಆಮೇಲೆ ನೋಡಿದರೆ ಆ್ಯಂಟಿವೈರಸ್ ಜೊತೆ ಬಂದಿದ್ದ ಆ್ಯಡ್-ಆನ್ (ಬ್ರೌಸರ್‌ಗೆ ಸೇರಿಸೋ ಚಿಕ್ಕ ಪ್ರೋಗ್ರಾಂ) ಬೂದು ಬಣ್ಣಕ್ಕೆ ತಿರುಗಿದೆ. ಮೊದಲು ಸರ್ಚ್ ಮಾಡಿದರೆ ಪ್ರತಿ ಲಿಂಕ್ ಪಕ್ಕ ಹಸಿರು ಗುರುತು ಬರುತ್ತಿತ್ತು. ಈಗ ಏನೂ ಇಲ್ಲ. ಸ್ವಿಚ್ ಒತ್ತಿದರೂ ಆನ್ ಆಗುತ್ತಿಲ್ಲ.

ಮ್ಯಾನಿಫೆಸ್ಟ್ ವಿ2 ಅನ್ನೋ ಹಳೆ ಮಾದರಿಯ ಆ್ಯಡ್-ಆನ್‌ಗಳನ್ನು ಕ್ರೋಮ್ 2024ರಿಂದ ಹಂತಹಂತವಾಗಿ ನಿಲ್ಲಿಸಿದೆ, ಹೊಸ ಮಾದರಿ ವಿ3ಗೆ ಬದಲಾಗದವು ಓಡಲ್ಲ ಅಂತ ಓದಿದೆ. 2017ರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ 57ನೇ ಆವೃತ್ತಿ ಬಂದಾಗಲೂ ಹಳೆಯವೆಲ್ಲ ಹೀಗೇ ಹೋಗಿದ್ದವು ಅಲ್ವಾ? ನನ್ನದೂ ಅದೇ ಕಥೆಯಾ?

ಸ್ಟೋರ್‌ನಲ್ಲಿ ಹೆಚ್ಚುಕಮ್ಮಿ ಅದೇ ಹೆಸರಿನ ಮೂರು ಆ್ಯಡ್-ಆನ್ ಕಾಣುತ್ತಿವೆ. ಅಸಲಿ ಯಾವುದು ಅಂತ ಹೇಗೆ ತಿಳಿಯೋದು? ಆ್ಯಡ್-ಆನ್ ಇಲ್ಲದೆ ಬರೀ ಆ್ಯಂಟಿವೈರಸ್ ಸಾಕಾ? ತಮ್ಮನ ಮಗ ಹಳೆ ಕ್ರೋಮ್ ಹಾಕಿಬಿಡಿ ಅಂತಾನೆ. ಭದ್ರತೆಗೆ ಬಂದ ಅಪ್‌ಡೇಟ್ ಸುಮ್ನೆ ಕಳೆದುಕೊಳ್ಳೋದು ನನಗೆ ಸರಿ ಕಾಣಲಿಲ್ಲ. ಗೊತ್ತಿದ್ದವರು ಹೇಳಿ, ಶನಿವಾರ ಗೆಸ್ಟ್ ಬರ್ತಾರೆ.