ಸಹಾಯ ಬೇಕು: ಬಾಲ ಬೀಸುವ ದೋಣಿ ಮುಂದೆ ಓಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದ ಹತ್ತಿರದವನು, ಇಂಜಿನಿಯರಿಂಗ್ ಕೊನೆಯ ವರ್ಷ. ಪ್ರೊಪೆಲ್ಲರ್ ಬದಲು ಮೀನಿನ ಬಾಲದ ಹಾಗೆ ಅತ್ತಿತ್ತ ಬೀಸುವ, ರೆಕ್ಕೆಯಂಥ ಚಪ್ಪಟೆ ಫಾಯಿಲ್‌ನಿಂದ ಓಡುವ ಚಿಕ್ಕ ದೋಣಿ ಮಾಡಿದ್ದೇನೆ. ಮಳೆ ಬಿಟ್ಟ ಎರಡು ದಿನ ನಮ್ಮ ಕಾಫಿ ತೋಟದ ಕೆರೆಯಲ್ಲಿ ಬಿಟ್ಟು ನೋಡಿದೆ. ನೀರು ಜೋರಾಗಿ ಕಲಕುತ್ತದೆ, ದೋಣಿ ಮಾತ್ರ ನಿಧಾನ, ಬ್ಯಾಟರಿಯೂ ಬೇಗ ಖಾಲಿ.

ಬಾಲದ ತುದಿ ಈ ಕಡೆಯಿಂದ ಆ ಕಡೆಗೆ 8 ಸೆಂ.ಮೀ. ಹೋಗುತ್ತದೆ, ಹೀಗೆ ಹೋಗಿ ಬರುವುದು ಸೆಕೆಂಡಿಗೆ 3 ಸಲ. ದೋಣಿಯ ವೇಗ ಸೆಕೆಂಡಿಗೆ 30 ಸೆಂ.ಮೀ. ಮೊದಲ ಎರಡನ್ನು ಗುಣಿಸಿ ವೇಗದಿಂದ ಭಾಗಿಸಿದರೆ ಸ್ಟ್ರೌಹಾಲ್ ಸಂಖ್ಯೆ (ವೇಗಕ್ಕೆ ಹೋಲಿಸಿದರೆ ಬಾಲ ಎಷ್ಟು ಬೀಸುತ್ತಿದೆ ಅನ್ನುವ ಅಳತೆ) 0.8 ಬರುತ್ತದೆ. ಮೀನು, ಡಾಲ್ಫಿನ್‌ಗಳು ಹೆಚ್ಚಾಗಿ ಈಜುವುದು 0.2ರಿಂದ 0.4ರೊಳಗೆ, ಆಗ ಬಾಲದ ಹಿಂದೆ ಏಳುವ ಸುಳಿಗಳು ಸೇರಿ ನೀರನ್ನು ಧಾರೆಯಾಗಿ ಹಿಂದಕ್ಕೆ ತಳ್ಳುತ್ತವೆ, ಅಲ್ವಾ? ನನ್ನದರಲ್ಲಿ ಶಕ್ತಿ ಸುಮ್ನೆ ಪಕ್ಕಕ್ಕೆ ಹೋಗುತ್ತಿದೆ ಅನ್ನಿಸುತ್ತದೆ. ಕಾವೇರಿಯಲ್ಲಿ ಮಹಶೀರ್ ಮೀನು ಹರಿವಿಗೆ ಎದುರಾಗಿ ಎಷ್ಟು ಸಲೀಸಾಗಿ ಹೋಗುತ್ತದೆ!

ಬೀಸುವುದನ್ನು ನಿಧಾನ ಮಾಡಿದರೆ ವೇಗವೂ ಇಳಿಯುತ್ತದೆ, ಸಂಖ್ಯೆ ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ. ಹಾಗಾದರೆ ಫಾಯಿಲ್ ದೊಡ್ಡದು ಮಾಡಬೇಕಾ, ದೋಣಿಯ ತಳ ಸಪೂರ ಮಾಡಬೇಕಾ? ಇನ್ನೊಂದು, ಫಾಯಿಲ್ ಪಕ್ಕಕ್ಕೆ ಸರಿಯುವುದಕ್ಕೂ ಅದರ ಓರೆ ತಿರುಗುವುದಕ್ಕೂ ಲಯದಲ್ಲಿ ಸುಮಾರು 90 ಡಿಗ್ರಿ, ಅಂದರೆ ಒಂದು ಬೀಸಿನ ಸುತ್ತಿನ ಕಾಲು ಭಾಗದಷ್ಟು, ಅಂತರ ಇದ್ದರೆ ಒಳ್ಳೆಯದಂತೆ. ನನ್ನ ಹತ್ತಿರ ಒಂದೇ ಸರ್ವೋ ಮೋಟಾರ್ (ಹೇಳಿದ ಕೋನಕ್ಕೆ ತಿರುಗುವ ಮೋಟಾರ್) ಇದೆ. ಫಾಯಿಲ್ ಬುಡದಲ್ಲಿ ರಬ್ಬರ್ ಪಟ್ಟಿ ಕೊಟ್ಟರೆ ಆ ಅಂತರ ತಾನಾಗಿ ಬರುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ, ಫೋಟೋ ಬೇಕಿದ್ದರೆ ಹಾಕುತ್ತೇನೆ.