ಮುತ್ಯಾನ ವೆಬ್ಲಿ ರಿವಾಲ್ವರ್ ನಿಜವಾಗಿ ಪೊಲೀಸರದ್ದೇನ್ರಿ?

ಪ್ರಶ್ನೆ (ಚಿತ್ತಾಪುರದಿಂದ): ನಮಸ್ಕಾರ್ರಿ ಸರ್. ನಮ್ಮ ಮನ್ಯಾಗ ಮುತ್ಯಾನ ಕಾಲದ ರಿವಾಲ್ವರ್ ಒಂದದ. ಲೈಸೆನ್ಸ್ ಅಪ್ಪನ ಹೆಸರಿಲೆ ಚಾಲ್ತಿ ಅದ, ಅವರಿಗಿ ಈಗ 74. ಮುತ್ಯಾ ನಿಜಾಮರ ಪೊಲೀಸ್‌ದಾಗ ಅಮೀನ್ (ಪೊಲೀಸ್ ಅಧಿಕಾರಿ) ಇದ್ರು, ಇದು ಸರ್ಕಾರದಿಂದ ಬಂದ ರಿವಾಲ್ವರ್ ಅಂತ ಮನಿ ಮಂದಿ ಎಲ್ಲಾ ಹೇಳ್ತಾರ. ಮ್ಯಾಲ ವೆಬ್ಲಿ, ಮಾರ್ಕ್ 4, .38 ಅಂತ ಅದ, ಬಾಜೂಕ 'ವಾರ್ ಫಿನಿಶ್' ಅಂತ ಅಚ್ಚು. ನಾ ಹಳೇ ಪೊಲೀಸ್ ಬಿಲ್ಲೆ, ಬಕಲ್ ಕೂಡಿಸಾಂವ. ಅಣ್ಣ-ತಮ್ಮಂದಿರ ಪಾಲಿನ ಮಾತು ನಡದದ. ಇದಕ್ಕ ಕಿಮ್ಮತ್ತು ಎಷ್ಟು ಹಿಡೀಬೇಕು? ಮೈ ಒರಟ ಕಾಣ್ತದ, ಪಾಲಿಶ್ ಮಾಡಿಸ್ಲೇನ್ರಿ?

ಉತ್ತರ (ನಿವೃತ್ತ ಪೊಲೀಸ್ ಆರ್ಮರರ್, ಅಂದ್ರ ಹತಿಯಾರ ನೋಡಿಕೊಳ್ಳಾಂವ, ಕಲಬುರಗಿ): ಪಾಲಿಶ್ ಮಾತ್ರ ಮಾಡಿಸಬ್ಯಾಡ್ರಿ. ಎರಡನೇ ಮಹಾಯುದ್ಧದ ಅವಸರದಾಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಾರ್ಖಾನ್ಯಾಗ ಪಾಲಿಶ್ ಬಿಟ್ಟು ಹಂಗೇ ಹೊರಗ ಕಳಿಸ್ತಿದ್ರು. ಗ್ರಾಹಕರು ತಕರಾರು ಮಾಡಬಾರದಂತ ಮೈಮ್ಯಾಲ 'ವಾರ್ ಫಿನಿಶ್' ಅಂತ ಒತ್ತಿದ್ರು. ನೀವು ಒರಟಂತ ಹೇಳೂ ಗೆರಿ ಯಂತ್ರದ ಗೆರಿ, ಅದೇ ಅದರ ಅಸಲಿ ಚಹರೆ. ಬಫ್ ಚಕ್ರಕ್ಕ ಹಿಡಿದ್ರ ಅಚ್ಚಿನ ಅಕ್ಷರದ ಅಂಚು ಕರಗಿ ಹೋಗ್ತದ. ಸಂಗ್ರಹ ಮಾಡಾಂವ ಮೊದ್ಲ ಆ ಅಂಚಿನ ಮ್ಯಾಲ ಬೆರಳಾಡಿಸಿ ನೋಡ್ತಾನ. ಅಕ್ಷರ ಚೂಪಿದ್ರ ಮೈ ಮುಟ್ಟಿಲ್ಲ ಅಂತ ಅರ್ಥ. ಮ್ಯಾಲ ಕರ್ರಗ ಹೊಳೀತಿದ್ದು ಅದರ ಕೆಳಗ ಜಂಗಿನ ಗುಳಿ ಕಂಡ್ರ ಆಮ್ಯಾಲ ಬಣ್ಣ ಏರಿಸ್ಯಾರ. ತೆಳ್ಳಗ ಎಣ್ಣಿ ಒರೆಸಿ ಇಡ್ರಿ, ಸಾಕು. ಚರ್ಮದ ಚೀಲದಾಗ ಮಾತ್ರ ಇಡಬ್ಯಾಡ್ರಿ, ಚರ್ಮ ತೇವ ಹಿಡಿದು ಕಬ್ಬಿಣ ತಿಂತದ.

ಇನ್ನ ಅಪ್ಪಾರ ಕೈಲೇ ತೆರೆಸಿ, ಗುಂಡು ಹಾಕೂ ಆರೂ ಮನಿ ಖಾಲಿ ಅದಾವಂತ ಖಾತ್ರಿ ಮಾಡಿಕೊಂಡು, ಫ್ರೇಮ್ ಮ್ಯಾಲಿನ ನಂಬರೂ ಸಿಲಿಂಡರ್ ಮ್ಯಾಲಿನ ನಂಬರೂ ಕೂಡಿಸಿ ನೋಡ್ರಿ. ಎರಡೂ ಒಂದೇ ಇದ್ರ ಬೆಲಿ ಬ್ಯಾರೇನೇ. ಲೈಸೆನ್ಸಿನ್ಯಾಗ ಬರೆದ ನಂಬರಿಗೂ ಕೂಡಬೇಕು. ಇಲ್ಲಂದ್ರ ಕಿಮ್ಮತ್ತಿನ ಮಾತು ಆಮ್ಯಾಲ, ಮೊದ್ಲ ಅದನ್ನ ಸರಿ ಮಾಡಿಸ್ಕೋರಿ. ಹಿಡಿಕಿ ಕೆಳಗ ಹಗ್ಗ ಕಟ್ಟೂ ಬಳಿ (ಉಂಗುರ) ಅದೇನು? ಬಾಣದ ಗುರುತು ಎಲ್ಲ್ಯಾರ ಅದೇನು? ಬಾಣ ಇದ್ರ ಬ್ರಿಟಿಷ್ ಸರ್ಕಾರದ ಆಸ್ತಿ ಆಗಿತ್ತಂತ ತಿಳೀತದ. ಅದರ ಮ್ಯಾಲಿಂದ ಯಾವ ಊರ ಪೊಲೀಸ್ ಅಂತ ಹೇಳಾಕ ಆಗಂಗಿಲ್ಲ.

ಮುತ್ಯಾರ ನೌಕರಿ ಕಾಗದ ಇದಾವೇನ್ರಿ? ಉರ್ದು ಕಾಗದ ಅಂತ ರದ್ದಿಗಿ ಹಾಕಬ್ಯಾಡ್ರಿ.

ಪ್ರಶ್ನೆ ಕೇಳಿದವರು: ನಂಬರ್ ಎರಡೂ ಒಂದೇ ಅದಾವ, ಲೈಸೆನ್ಸಿಗೂ ಕೂಡ್ತದ. ಬಳಿ ಅದ, ಬಾಣ ಕಾಣವಲ್ದು. ಪೆನ್ಶನ್ ಕಾಗದ ಓದಿಸಿದ್ವಿ, 1347 ಫಸ್ಲಿ (ನಿಜಾಮರ ಕಾಲದ ವರ್ಷದ ಲೆಕ್ಕ) ಅಂತ ಅದ.

ಉತ್ತರ: ಹೈದರಾಬಾದ್ ಸಂಸ್ಥಾನದ ಫಸ್ಲಿಗಿ 590 ಕೂಡಿಸ್ರಿ. 1347 ಅಂದ್ರ 1937-38. ಯುದ್ಧ ಸುರು ಆಗಿದ್ದು 1939ರಾಗ. ಅಂದ್ರ ಮುತ್ಯಾ ಪೆನ್ಶನ್ ತಗೊಂಡ ಮ್ಯಾಲೇ ಈ ರಿವಾಲ್ವರ್ ಹುಟ್ಟಿದ್ದು. ಅವರ ಅಮೀನ್‌ಗಿರಿ ಖರೇ, ಆದ್ರ ಇದು ಆ ನೌಕರಿದಾಗ ಕೊಟ್ಟಿದ್ದಲ್ಲ. ಆಮ್ಯಾಲ ಸ್ವಂತಕ್ಕ ಖರೀದಿ ಮಾಡಿರಬೇಕು. ಹಳೇ ಲೈಸೆನ್ಸ್ ಪುಸ್ತಕ ಸಿಕ್ಕ್ರ ಯಾರಿಂದ ತಗೊಂಡ್ರಂತ ನಮೂದು ಹುಡುಕ್ರಿ. 'ನಿಜಾಮ್ ಪೊಲೀಸ್ ರಿವಾಲ್ವರ್' ಅಂತ ಬರದು ಪಾಲಿನ್ಯಾಗ ದರ ಏರಿಸಬ್ಯಾಡ್ರಿ, ನಾಳಿ ಅಣ್ಣ-ತಮ್ಮರ ನಡುವ ಅದೇ ಜಗಳ ಆಗ್ತದ. ಪೆನ್ಶನ್ ಕಾಗದ, ಮುತ್ಯಾನ ಫೋಟೋ, ಬಿಲ್ಲೆ ಬ್ಯಾರೆ ಜೋಡಿಸಿ ಇಡ್ರಿ. ನಿಮ್ಮ ಸಂಗ್ರಹಕ್ಕ ಆ ಕಾಗದಾನೇ ಈ ಕಬ್ಬಿಣಕ್ಕಿಂತ ದೊಡ್ಡ ಆಸ್ತಿ ಅಂತ ನಾ ತಿಳೀತೀನಿ.

ಬೀದರಿಂದ ಒಬ್ಬರು: ಅಣ್ಣಾರ, ಬ್ಯಾರೆಲಿಗಿ ತೂತು ಹೊಡಿಸಿ ಶೋಕೇಸಿನ್ಯಾಗ ಇಟ್ರ ಲೈಸೆನ್ಸ್ ಗದ್ದಲ ಇರಂಗಿಲ್ಲಲ್ರಿ? ಹಳೇ ಸಾಮಾನಿಗಿ ಮಾಫಿ ಅದ ಅಂತಾರ.

ಉತ್ತರ: ಹಂಗಲ್ರಿ ತಮ್ಮಾ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನ್ಯಾಗ ವಿನಾಯಿತಿ ಅದ, ಖರೇ. ಆದ್ರ ರಿಪೇರಿ ಮಾಡಿದ್ರೂ ಗುಂಡು ಹಾರಂಗಿಲ್ಲ ಅನ್ನೂ ಹತಿಯಾರಿಗಿ ಮಾತ್ರ. ಇದು ಇನ್ನೂ ನಡಿಯೂ ರಿವಾಲ್ವರ್. ಲೈಸೆನ್ಸಿನ ಮ್ಯಾಲ ಇದ್ದದ್ದಕ್ಕ ಮನ್ಯಾಗ ಡ್ರಿಲ್ ಹಚ್ಚಿದ್ರ ಕೇಸೂ ಆಗಬಹುದು, ಸಂಗ್ರಹದ ಬೆಲೀನೂ ಹಾಳು. ಪುರಾತನ ವಸ್ತು ಅನ್ನಾಕ ನೂರು ವರ್ಷ ಬೇಕು, ಯುದ್ಧದ ಕಾಲದ್ದಕ್ಕ ಇನ್ನೂ ಅಷ್ಟಾಗಿಲ್ಲ.

ಪ್ರಶ್ನೆ ಕೇಳಿದವರು: ಹಂಗಾದ್ರ ದರ ಹ್ಯಾಂಗ ಹಿಡೀಲಿ, ಸರ್?

ಉತ್ತರ: ಈ .38 ಪೊಲೀಸ್-ಮಿಲಿಟರಿ ಗುಂಡು ಹಾಕೂ ರಿವಾಲ್ವರ್, ಅದಕ್ಕ ನಿಷೇಧಿತ ಬೋರ್ (ಬೋರ್ ಅಂದ್ರ ನಳಿಗಿ ತೂತಿನ ಅಳತಿ). ತಗೊಳ್ಳಾಂವಗ ಕೇಂದ್ರ ಗೃಹ ಸಚಿವಾಲಯದ ಮಂಜೂರಿ ಬೇಕು. ಗಿರಾಕಿ ಭಾಳ ಕಮ್ಮಿ. .32 ವೆಬ್ಲಿಗಿ ಬೇಡಿಕಿ ಜಾಸ್ತಿ, ಸಾದಾ ಲೈಸೆನ್ಸಿನ ಮ್ಯಾಲ ಸಿಗ್ತದಂತ. ಆ ದರ ಕೇಳಿ ನಿಮ್ಮದಕ್ಕ ಹಚ್ಚಬ್ಯಾಡ್ರಿ. ಲೈಸೆನ್ಸ್ ಇರೂ ಇಬ್ಬರು ಬಂದೂಕು ವ್ಯಾಪಾರಿಗಳ ಹತ್ರ ಲಿಖಿತ ದರ ತಗೊಂಡು, ಕಮ್ಮಿ ಇದ್ದದ್ದನ್ನ ಹಿಡೀರಿ.

ಅಪ್ಪಾರಿಗಿ 70 ದಾಟ್ಯದ. 2016ರ ನಿಯಮದ ಪ್ರಕಾರ ಅವರು ಇರೂವಾಗೇ ವಾರಸುದಾರ ಮಗನ ಹೆಸರಿಗಿ ಅರ್ಜಿ ಹಾಕಬಹುದು. ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ಲೈಸೆನ್ಸ್ ಟೇಬಲ್ಲಿಗಿ ಹೋಗಿ, ನಿಷೇಧಿತ ಬೋರ್ ಅಂತ ಮೊದ್ಲೇ ಹೇಳ್ರಿ. ಉಳಿದ ವಾರಸುದಾರರ ಒಪ್ಪಿಗಿ ಪತ್ರಕ್ಕ ಈಗೇ ಸಹಿ ಮಾಡಿಸ್ಕೊಳ್ಳೂದು ಚಲೋ.