ಮಾಸ್ಫೆಟ್ ಗೇಟ್ ಡ್ರೈವ್: ಹೀಟ್ ಜಾಸ್ತಿ, ಸಹಾಯ ಬೇಕು

ನಮಸ್ಕಾರ. 12 ವೋಲ್ಟ್ ಮೋಟಾರಿನ ವೇಗ ಬದಲಿಸೋಕೆ ಐಆರ್‌ಎಫ್‌ಝಡ್44ಎನ್ ಮಾಸ್ಫೆಟ್ (ಗೇಟ್ ಕಾಲಿನ ವೋಲ್ಟೇಜ್‌ನಿಂದ ಆನ್-ಆಫ್ ಆಗುವ ಸ್ವಿಚ್) ಹಾಕಿದ್ದೇನೆ, 5 ವೋಲ್ಟ್ ಆರ್ಡುಯಿನೊ ಬೋರ್ಡಿನಿಂದ 20 ಕಿಲೋಹರ್ಟ್ಝ್ ಪಿಡಬ್ಲ್ಯುಎಂ (ವೇಗವಾಗಿ ಆನ್-ಆಫ್ ಆಗುವ ಸಿಗ್ನಲ್). ಮೊದಲು ಬಿಸಿ547, ಬಿಸಿ557 (BC547, BC557) ಟ್ರಾನ್ಸಿಸ್ಟರ್ ಜೋಡಿಯನ್ನು ಟೋಟೆಮ್ ಪೋಲ್ ಮಾಡಿ (ಒಂದು ಗೇಟನ್ನು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಎಳೆಯುವಂತೆ), ಕಲೆಕ್ಟರ್‌ಗೆ 12 ವೋಲ್ಟ್ ಕೊಟ್ಟೆ, ಗೇಟ್‌ಗೂ 12 ಬರುತ್ತೆ ಅಂತ ಸುಮ್ನೆ ನಂಬಿಕೊಂಡಿದ್ದೆ. ಬಂದಿದ್ದು 4.3 ಅಷ್ಟೇ! ಇಂಥ ಜೋಡಣೆ, ಅಂದ್ರೆ ಎಮಿಟರ್ ಫಾಲೋವರ್, ಕರೆಂಟ್ ಹೆಚ್ಚಿಸುತ್ತೆ, ವೋಲ್ಟೇಜ್ ಅಲ್ಲ ಅಲ್ವಾ, ನನ್ನದೇ ದಡ್ಡತನ.

ಆಮೇಲೆ ಆರ್ಡುಯಿನೊಗೂ ಆ ಜೋಡಿಗೂ ನಡುವೆ ಇನ್ನೊಂದು ಬಿಸಿ547 ಸೇರಿಸಿ, ಅದರ ಕಲೆಕ್ಟರನ್ನು 10 ಕಿಲೋಓಮ್ ರೆಸಿಸ್ಟರ್‌ನಿಂದ 12 ವೋಲ್ಟ್‌ಗೆ ಎಳೆದೆ. ಸಿಗ್ನಲ್ ತಿರುವುಮುರುವಾಯ್ತು, ಅದನ್ನು ಕೋಡ್‌ನಲ್ಲೇ ಸರಿಮಾಡಿದೆ. ಈಗ ಗೇಟ್ 11ರ ಹತ್ತಿರ ಹೋಗುತ್ತೆ. ಆದರೆ ಸ್ಕೋಪ್‌ನಲ್ಲಿ ಏರುವ ಅಂಚು ಸೋಮಾರಿ, ನಡುವೆ ಮಿಲ್ಲರ್ ಮೆಟ್ಟಿಲು (ಮಾಸ್ಫೆಟ್ ಆನ್ ಆಗುವಾಗ ಗೇಟ್ ವೋಲ್ಟೇಜ್ ಸ್ವಲ್ಪ ಹೊತ್ತು ಏರದೆ ನಿಲ್ಲೋದು) ಚೆನ್ನಾಗಿ ಕಾಣುತ್ತೆ, ಇಳಿಯೋದು ಮಾತ್ರ ಚುರುಕು. ಅದಕ್ಕೇ ಇರಬೇಕು, ಎರಡೇ ನಿಮಿಷಕ್ಕೆ ಹೀಟ್‌ಸಿಂಕ್ ಮುಟ್ಟೋಕಾಗಲ್ಲ. ಆಫ್ ಆದಾಗ ಬರುವ ವೋಲ್ಟೇಜ್ ಹೊಡೆತ ತಡೆಯೋಕೆ ಮೋಟಾರಿಗೆ ಡಯೋಡ್ ಇದೆ.

10 ಕಿಲೋಓಮ್ ತೆಗೆದು 1 ಕಿಲೋಓಮ್ ಹಾಕಿದರೆ ಸಾಕಾ? ಇಲ್ಲ ಆಮೇಲೆ ಸೇರಿಸಿದ ಬಿಸಿ547 ಸ್ಯಾಚುರೇಟ್ ಆಗದಂತೆ (ಪೂರ್ತಿ ಆನ್ ಆಗಿ, ಆಫ್ ಆಗೋಕೆ ತಡಮಾಡದಂತೆ) ಶಾಟ್ಕಿ ಅನ್ನೋ ಚುರುಕು ಡಯೋಡ್ ಬೇಕಾ? ರೆಡಿಮೇಡ್ ಡ್ರೈವರ್ ಐಸಿ ತಗೊಳ್ಳಿ ಅನ್ನಬೇಡಿ, ಟ್ರಾನ್ಸಿಸ್ಟರ್‌ನಲ್ಲೇ ಮಾಡಬೇಕು ಅನ್ನೋ ಹಠ.